‘ಸರ್ಕಾರದ ಗಮನಕ್ಕೆ ಬಂದಿದೆಯೇ?’: ಸದನದ ಪ್ರಶ್ನೋತ್ತರದ ಬಗ್ಗೆ ಓದುಗರ ಪ್ರಶ್ನೆಗಳು

ವಿಧಾನಮಂಡಲದ ಅಧಿವೇಶನ ನಡೆಯುವ ದಿನಗಳಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಶಾಸಕರು ಕೇಳಿದ ಪ್ರಶ್ನೆ ಏನಾಯಿತು, ಸಚಿವರು ಕೊಟ್ಟ ಉತ್ತರಕ್ಕೆ ಎಷ್ಟು ಬೆಲೆ, ನಮ್ಮೂರಿನ ವಿಷಯವನ್ನು ಸದನದವರೆಗೆ ಒಯ್ಯುವುದು ಹೇಗೆ ಎಂದು ಓದುಗರು ಕೇಳುತ್ತಾರೆ. ಸಚಿವಾಲಯದ ಇಲಾಖೆಯೊಂದರಲ್ಲಿ ಇಂಥ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸುವ ಶಾಖೆಯಲ್ಲಿ ಹಲವು ವರ್ಷ ದುಡಿದವನು ನಾನಾದ್ದರಿಂದ, ಈ ಸಲ ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲದ ವಿಷಯವನ್ನು ನಮ್ಮ ಶಾಸಕರು ಸದನದಲ್ಲಿ ಕೇಳಿದ್ದರು. ಅದು ಚುಕ್ಕೆ ಗುರುತಿಲ್ಲದ ಪ್ರಶ್ನೆಯಾದ್ದರಿಂದ ಅದರ ಮೇಲೆ ಮಾತೇ ನಡೆಯಲಿಲ್ಲವಂತೆ. ಈ ಚುಕ್ಕೆ ಎಂದರೇನು? (ನಿವೃತ್ತ ಶಿಕ್ಷಕರೊಬ್ಬರು)

ಉತ್ತರ: ಪ್ರಶ್ನೆಯ ಸಂಖ್ಯೆಯ ಪಕ್ಕದಲ್ಲಿ ನಕ್ಷತ್ರದಂಥ ಒಂದು ಗುರುತನ್ನು ಮುದ್ರಿಸುವ ರೂಢಿಯಿಂದ ಈ ಹೆಸರು ಬಂದಿದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರವನ್ನು ಸದನದಲ್ಲಿ ಮಂಡಿಸಿದರೆ ಸಾಕು. ಮೇಲ್ನೋಟಕ್ಕೆ ಇದು ಬರೀ ಮಾತು ಮತ್ತು ಬರಹದ ನಡುವಿನ ವ್ಯತ್ಯಾಸದಂತೆ ಕಂಡರೂ, ನಿಜವಾದ ವ್ಯತ್ಯಾಸ ಇರುವುದು ಉಪಪ್ರಶ್ನೆಯಲ್ಲಿ. ಚುಕ್ಕೆ ಗುರುತಿನ ಪ್ರಶ್ನೆಗೆ ಉತ್ತರ ಬಂದ ಕೂಡಲೇ ಕೇಳಿದ ಸದಸ್ಯರು ಆ ಉತ್ತರದ ಮೇಲೆಯೇ ಮತ್ತೆ ಪ್ರಶ್ನೆ ಹಾಕಬಹುದು, ಅಧ್ಯಕ್ಷ ಪೀಠ ಅವಕಾಶ ಕೊಟ್ಟರೆ ಉಳಿದ ಸದಸ್ಯರೂ ಕೇಳಬಹುದು. ಆ ಪ್ರಶ್ನೆ ಸಚಿವರಿಗೆ ಮುಂಚಿತವಾಗಿ ತಿಳಿದಿರುವುದಿಲ್ಲ.

ಲೋಕಸಭೆಯಲ್ಲಿ ಒಂದು ದಿನದ ಪಟ್ಟಿಗೆ ಸೇರುವುದು 20 ಚುಕ್ಕೆ ಗುರುತಿನ ಪ್ರಶ್ನೆಗಳು ಮತ್ತು 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು. ಬಂದ ಸೂಚನೆಗಳಲ್ಲಿ ಯಾವುದು ಪಟ್ಟಿಯ ಮೇಲ್ಭಾಗದಲ್ಲಿ ಬರಬೇಕೆಂಬುದನ್ನು ಚೀಟಿ ಎತ್ತುವಂಥ ಕ್ರಮದಲ್ಲಿ ತೀರ್ಮಾನಿಸುತ್ತಾರೆ. ಹಾಗಾಗಿ ನಿಮ್ಮ ಶಾಸಕರ ಪ್ರಶ್ನೆಗೆ ಚುಕ್ಕೆ ಸಿಗಲಿಲ್ಲವೆಂದ ಮಾತ್ರಕ್ಕೆ ಅವರು ಆಸಕ್ತಿ ತೋರಲಿಲ್ಲವೆಂದು ತಿಳಿಯಬೇಡಿ. ಲಿಖಿತ ಉತ್ತರವನ್ನು ಹಗುರವಾಗಿಯೂ ಎಣಿಸಬೇಡಿ. ಅಂಕಿಅಂಶಗಳು ಬೇಕಾದಾಗ ಅದೇ ಹೆಚ್ಚು ಉಪಯುಕ್ತ, ಏಕೆಂದರೆ ತಾಲ್ಲೂಕುವಾರು ಪಟ್ಟಿಯನ್ನು ಯಾವ ಸಚಿವರೂ ನಿಂತು ಓದಲಾರರು. ಅದು ಅನುಬಂಧದಲ್ಲಿಯೇ ಬರಬೇಕು. ಆ ಉತ್ತರ ಸದನದ ದಾಖಲೆಯಾಗಿ ಶಾಶ್ವತವಾಗಿ ಉಳಿಯುತ್ತದೆ.

ಪ್ರಶ್ನೆ: ಪ್ರಶ್ನೋತ್ತರ ವೇಳೆಯ ಬಗ್ಗೆ ಸಂವಿಧಾನದ ಯಾವ ವಿಧಿ ಹೇಳುತ್ತದೆ? ಈ ಪದ್ಧತಿ ಎಲ್ಲಿಂದ ಬಂತು? (ಪದವಿ ವಿದ್ಯಾರ್ಥಿನಿ)

ಉತ್ತರ: ‘ಪ್ರಶ್ನೋತ್ತರ ವೇಳೆ’ ಎಂಬ ಹೆಸರು ಹಿಡಿದು ಹೇಳುವ ವಿಧಿ ಯಾವುದೂ ಇಲ್ಲ. ಸಂಸತ್ತಿನ ಸದನಗಳು 118ನೇ ವಿಧಿಯ ಪ್ರಕಾರ ಮತ್ತು ರಾಜ್ಯಗಳ ಸದನಗಳು 208ನೇ ವಿಧಿಯ ಪ್ರಕಾರ ತಮ್ಮ ಕಾರ್ಯವಿಧಾನದ ನಿಯಮಗಳನ್ನು ತಾವೇ ರೂಪಿಸಿಕೊಂಡಿವೆ. ಪ್ರಶ್ನೋತ್ತರಕ್ಕೆ ಜಾಗ ಸಿಕ್ಕಿರುವುದು ಆ ನಿಯಮಗಳಲ್ಲಿ. ಆದರೆ ಅದರ ಬೇರು ಸಂವಿಧಾನದಲ್ಲಿಯೇ ಇದೆ. ಮಂತ್ರಿಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರತಕ್ಕದ್ದು ಎಂದು 75ನೇ ವಿಧಿಯೂ, ವಿಧಾನಸಭೆಗೆ ಹೊಣೆಯಾಗಿರತಕ್ಕದ್ದು ಎಂದು 164ನೇ ವಿಧಿಯೂ ಹೇಳುತ್ತವೆ. ಹೊಣೆ ಎಂದ ಮೇಲೆ ಲೆಕ್ಕ ಒಪ್ಪಿಸಬೇಕು, ಲೆಕ್ಕ ಕೇಳುವುದಕ್ಕೆ ಒಂದು ಹೊತ್ತು ಬೇಕು. ಆ ಹೊತ್ತೇ ಪ್ರಶ್ನೋತ್ತರ ವೇಳೆ.

ಬ್ರಿಟನ್ನಿನ ಮೇಲ್ಮನೆಯಲ್ಲಿ 1721ರಲ್ಲಿ ಕೇಳಿದ ಪ್ರಶ್ನೆಯನ್ನು ಈ ಪದ್ಧತಿಯ ಮೊದಲ ಉದಾಹರಣೆಯೆಂದು ಗುರುತಿಸುತ್ತಾರೆ. ಸೌತ್ ಸೀ ಕಂಪನಿಯ ಹಗರಣದಲ್ಲಿ ದೇಶ ಬಿಟ್ಟು ಓಡಿದ ಖಜಾಂಚಿಯನ್ನು ಹಿಡಿದಿರುವರೆಂಬ ಸುದ್ದಿ ನಿಜವೇ ಎಂದು ಸದಸ್ಯರೊಬ್ಬರು ಸರ್ಕಾರವನ್ನು ಕೇಳಿದ್ದರು. ನಮ್ಮಲ್ಲಿ ಈ ಹಕ್ಕು ಕಂತುಕಂತಾಗಿ ಬಂದಿತು. 1892ರ ಕಾಯ್ದೆಯು ಶಾಸನ ಪರಿಷತ್ತಿನ ಸದಸ್ಯರಿಗೆ ಪ್ರಶ್ನೆ ಕೇಳುವ ಅವಕಾಶ ಕೊಟ್ಟಿತಾದರೂ ಉಪಪ್ರಶ್ನೆಗೆ ಎಡೆಯಿರಲಿಲ್ಲ. ಸರ್ಕಾರ ಹೇಳಿದ್ದನ್ನು ಕೇಳಿಸಿಕೊಂಡು ಸುಮ್ಮನೆ ಕೂರಬೇಕಿತ್ತು. 1909ರ ಸುಧಾರಣೆಯ ನಂತರ ಪ್ರಶ್ನೆ ಕೇಳಿದವರಿಗೆ ಮಾತ್ರ ಉಪಪ್ರಶ್ನೆಯ ಹಕ್ಕು ಸಿಕ್ಕಿತು, 1919ರ ಸುಧಾರಣೆಯ ನಂತರ ಅದು ಎಲ್ಲ ಸದಸ್ಯರಿಗೂ ದೊರೆಯಿತು. ಒಂದೇ ಒಂದು ಮರುಪ್ರಶ್ನೆಯ ಹಕ್ಕಿಗೆ ಇಪ್ಪತ್ತೇಳು ವರ್ಷ ಹಿಡಿಯಿತೆಂದರೆ, ಆಳುವವರು ಹೆಚ್ಚು ಅಂಜುತ್ತಿದ್ದುದು ಯಾವುದಕ್ಕೆ ಎಂಬುದು ಸ್ಪಷ್ಟವಾಗುತ್ತದೆ.

ಕನ್ನಡ ನಾಡಿನ ಮಟ್ಟಿಗೆ ಹೇಳುವುದಾದರೆ, 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನಲ್ಲಿ ಸೇರಿದ ಪ್ರಜಾಪ್ರತಿನಿಧಿ ಸಭೆಯನ್ನು ನೆನೆಯಲೇಬೇಕು. ತಾಲ್ಲೂಕುಗಳಿಂದ ಬಂದ 144 ಮಂದಿ ಪ್ರತಿನಿಧಿಗಳ ಮುಂದೆ ದಿವಾನರು ಆಡಳಿತದ ವರದಿಯನ್ನು ಓದಿ ಹೇಳಿದರು. ಕಾನೂನು ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ, ಪ್ರತಿನಿಧಿಗಳನ್ನು ಜನ ಚುನಾಯಿಸಿಯೂ ಇರಲಿಲ್ಲ. ಆದರೂ ಕೆರೆ, ರಸ್ತೆ, ಕಂದಾಯದ ಅಹವಾಲುಗಳನ್ನು ಸರ್ಕಾರದ ಎದುರೇ ನಿಂತು ಹೇಳಿಕೊಳ್ಳುವ ಅಭ್ಯಾಸ ಈ ನಾಡಿನವರಿಗೆ ಅಂಥ ಸಭೆಯಿಂದಲೇ ಬಂದಿತು.

ಪ್ರಶ್ನೆ: ಸಚಿವರು ಕೊಡುವ ಉತ್ತರಗಳಲ್ಲಿ ‘ಉದ್ಭವಿಸುವುದಿಲ್ಲ’, ‘ಅನುದಾನದ ಲಭ್ಯತೆಗನುಗುಣವಾಗಿ ಕ್ರಮ ವಹಿಸಲಾಗುವುದು’ ಎಂಬ ಮಾತುಗಳೇ ತುಂಬಿರುತ್ತವೆ. ಉತ್ತರಗಳನ್ನು ಬರೆಯುವವರು ಯಾರು? ಅವುಗಳಲ್ಲಿ ಸತ್ಯವೆಷ್ಟು? (ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯರು)

ಉತ್ತರ: ಕಚೇರಿಗಳಲ್ಲಿ ವಿಧಾನಸಭೆಯ ಪ್ರಶ್ನೆಯನ್ನು ‘ಎಲ್.ಎ.ಕ್ಯೂ.’ ಎಂದೂ, ಪರಿಷತ್ತಿನ ಪ್ರಶ್ನೆಯನ್ನು ‘ಎಲ್.ಸಿ.ಕ್ಯೂ.’ ಎಂದೂ ಕರೆಯುತ್ತಾರೆ. ಎಲ್.ಎ.ಕ್ಯೂ. ಬಂದಿದೆ ಎಂದರೆ ಉಳಿದ ಕಡತಗಳೆಲ್ಲ ಪಕ್ಕಕ್ಕೆ ಸರಿಯುತ್ತವೆ. ಪ್ರಶ್ನೆ ಸಚಿವಾಲಯದ ಶಾಖೆಯಿಂದ ನಿರ್ದೇಶನಾಲಯಕ್ಕೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿದು, ಅಲ್ಲಿನ ಗುಮಾಸ್ತರು ತುಂಬಿಕೊಟ್ಟ ನಮೂನೆ ಅದೇ ಮೆಟ್ಟಿಲುಗಳನ್ನು ಹತ್ತಿ ಮೇಲೆ ಬರುತ್ತದೆ. ಹಾಳೆಯ ಎಡಭಾಗದಲ್ಲಿ (ಅ), (ಆ), (ಇ) ಎಂದು ಪ್ರಶ್ನೆಗಳು, ಬಲಭಾಗದಲ್ಲಿ ಅವಕ್ಕೆ ಎದುರಾಗಿ ಉತ್ತರಗಳು. ಕೊನೆಗೆ ಸಚಿವರ ಸಹಿ. ಬರೆಯುವವರು ಎಷ್ಟು ಜನರಿದ್ದರೂ ಸಹಿ ಮಾಡಿದ ಸಚಿವರೇ ಸದನಕ್ಕೆ ಹೊಣೆ.

ಸತ್ಯದ ಬಗ್ಗೆ ಕೇಳಿದ್ದೀರಿ. ನನ್ನ ಅನುಭವದಲ್ಲಿ ಹಸಿ ಸುಳ್ಳು ಬರೆದ ಉತ್ತರಗಳು ವಿರಳ. ಅಕ್ಷರಶಃ ನಿಜವಾಗಿದ್ದೂ ಜನರನ್ನು ಕತ್ತಲಲ್ಲಿಡುವ ಉತ್ತರಗಳೇ ಹೆಚ್ಚು. ಒಂದು ಪ್ರಸಂಗವನ್ನು ಹೇಳಲೇಬೇಕು. ಗುಡ್ಡಗಾಡಿನ ತಾಲ್ಲೂಕೊಂದರ ಆಸ್ಪತ್ರೆಯ ಬಗ್ಗೆ ಪ್ರಶ್ನೆ ಬಂದಿತ್ತು. ವೈದ್ಯರ ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಎಷ್ಟು, ಖಾಲಿ ಇದ್ದಲ್ಲಿ ಯಾವಾಗ ಭರ್ತಿ ಮಾಡಲಾಗುವುದು ಎಂಬ ಮೂರು ಭಾಗಗಳು. ಜಿಲ್ಲೆಯಿಂದ ಬಂದ ಉತ್ತರ: ಮಂಜೂರಾದ ಹುದ್ದೆ 3, ಭರ್ತಿಯಾಗಿರುವುದು 3, ಖಾಲಿ ಇಲ್ಲ, ಆದ್ದರಿಂದ ಮೂರನೆಯ ಭಾಗ ಉದ್ಭವಿಸುವುದಿಲ್ಲ. ಬೇರೊಂದು ವಿವರ ಬೇಕಾಗಿ ನಾನು ಆ ಆಸ್ಪತ್ರೆಗೇ ದೂರವಾಣಿ ಮಾಡಿದೆ. ಎತ್ತಿದ ಶುಶ್ರೂಷಕಿ, ‘ಡಾಕ್ಟ್ರು ಇವತ್ತಿಲ್ಲ ಸಾರ್, ಸೋಮವಾರ, ಗುರುವಾರ ಮಾತ್ರ ಒಬ್ರು ಬರ್ತಾರೆ’ ಎಂದರು. ಮೂವರಲ್ಲಿ ಇಬ್ಬರು ನಿಯೋಜನೆಯ ಮೇಲೆ ಜಿಲ್ಲಾ ಕೇಂದ್ರದಲ್ಲಿದ್ದರು, ಮೂರನೆಯವರ ಮೇಲೆ ಇನ್ನೊಂದು ಆಸ್ಪತ್ರೆಯ ಹೊಣೆಯೂ ಇತ್ತು. ಸಂಬಳ ಈ ಆಸ್ಪತ್ರೆಯ ಲೆಕ್ಕದಲ್ಲಿ, ಕೆಲಸ ಮತ್ತೆಲ್ಲೋ. ಕಾಗದದ ಮೇಲೆ ಹುದ್ದೆ ತುಂಬಿತ್ತು, ಕುರ್ಚಿ ಖಾಲಿಯಿತ್ತು. ಇದನ್ನು ಒಂದು ಸಾಲಿನಲ್ಲಿ ಸೇರಿಸಿ ಕರಡನ್ನು ಮೇಲಕ್ಕೆ ಕಳುಹಿಸಿದೆ. ‘ಕೇಳಿದ್ದಕ್ಕೆ ಮಾತ್ರ ಉತ್ತರಿಸುವುದು’ ಎಂಬ ಷರಾದೊಂದಿಗೆ ಆ ಸಾಲು ಹೊಡೆದುಹಾಕಲ್ಪಟ್ಟು ಕಡತ ವಾಪಸು ಬಂತು.

ಅದೃಷ್ಟಕ್ಕೆ ಆ ಪ್ರಶ್ನೆಗೆ ಚುಕ್ಕೆ ಇತ್ತು. ಸಚಿವರು ಉತ್ತರ ಓದಿ ಮುಗಿಸಿದ ಮೇಲೆ ಆ ಶಾಸಕರು ದನಿ ಏರಿಸಲಿಲ್ಲ, ಯಾರನ್ನೂ ದೂರಲಿಲ್ಲ. ‘ಆ ಮೂವರು ವೈದ್ಯರು ಇವತ್ತು ಬೆಳಿಗ್ಗೆ ಯಾವ ಊರಿನಲ್ಲಿ ಕೆಲಸ ಮಾಡುತ್ತಿದ್ದಾರೆ ಎಂಬುದನ್ನು ಸಚಿವರು ತಿಳಿಸಬೇಕು’ ಎಂದಷ್ಟೇ ಕೇಳಿದರು. ಅಧಿಕಾರಿಗಳ ಗ್ಯಾಲರಿಯಲ್ಲಿ ನಮ್ಮ ಹಿರಿಯರೊಬ್ಬರು ಚೀಟಿ ಬರೆಯುವಾಗ ಅವರ ಕೈ ತುಸು ನಡುಗುತ್ತಿದ್ದುದನ್ನು ನಾನು ಪಕ್ಕದಲ್ಲಿಯೇ ಕುಳಿತು ನೋಡಿದೆ. ಚೀಟಿ ಸಚಿವರ ಕೈಸೇರಿತು. ಅವರು ಅದನ್ನು ಓದಿ, ನಿಯೋಜನೆಗಳನ್ನು ರದ್ದುಪಡಿಸಲಾಗುವುದು ಎಂದು ಸದನಕ್ಕೆ ಮಾತು ಕೊಟ್ಟರು. ಮುಂದಿನ ತಿಂಗಳು ನಿಯೋಜನೆಯಲ್ಲಿದ್ದವರಲ್ಲಿ ಒಬ್ಬರು ಆ ಆಸ್ಪತ್ರೆಗೆ ಹಿಂದಿರುಗಿದರು. ಇನ್ನೊಬ್ಬರು ಬರಲಿಲ್ಲ.

ಬಾರದೇ ಹೋದ ಆ ಇನ್ನೊಬ್ಬರ ವಿಷಯ ಅಲ್ಲಿಗೇ ಬಿಟ್ಟುಹೋಗಬೇಕಾಗಿಲ್ಲ. ‘ಕ್ರಮ ಕೈಗೊಳ್ಳಲಾಗುವುದು’, ‘ಪರಿಶೀಲಿಸಲಾಗುವುದು’ ಎಂಬಂಥ ಮಾತುಗಳನ್ನು ಸದನವು ಭರವಸೆಯೆಂದು ದಾಖಲಿಸಿಕೊಳ್ಳುತ್ತದೆ, ಅವು ಈಡೇರಿವೆಯೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿ ಇರುತ್ತದೆ. ಲೋಕಸಭೆಯಲ್ಲಿ ಇಂಥ ಸಮಿತಿ 1953ರಿಂದ ಇದೆ. ಕೊಟ್ಟ ಭರವಸೆಯನ್ನು ಮೂರು ತಿಂಗಳಲ್ಲಿ ಈಡೇರಿಸಬೇಕೆಂಬುದು ಅಲ್ಲಿನ ರೂಢಿ. ನಮ್ಮ ವಿಧಾನಮಂಡಲದಲ್ಲಿಯೂ ಈ ಸಮಿತಿಗಳಿವೆ. ಇಲಾಖೆಯ ಅಧಿಕಾರಿಗಳನ್ನು ಕರೆಸಿ, ಹಳೆಯ ಉತ್ತರವನ್ನು ಮುಂದಿಟ್ಟುಕೊಂಡು ಕೇಳುವ ಅಧಿಕಾರ ಅವಕ್ಕಿದೆ. ಸದನವನ್ನು ಉದ್ದೇಶಪೂರ್ವಕವಾಗಿ ತಪ್ಪುದಾರಿಗೆಳೆದರೆ ಅದು ಹಕ್ಕುಚ್ಯುತಿ, ಅಂದರೆ ಸದನದ ವಿಶೇಷ ಹಕ್ಕಿನ ಉಲ್ಲಂಘನೆಯಾಗುತ್ತದೆ. ಆದರೆ ಉದ್ದೇಶವನ್ನು ಸಾಬೀತುಪಡಿಸುವುದು ಕಷ್ಟವಾದ್ದರಿಂದ ಆ ದಾರಿ ಹೆಚ್ಚು ಬಳಕೆಯಲ್ಲಿಲ್ಲ. ಭರವಸೆಗಳ ಸಮಿತಿಯ ದಾರಿ ನಿಧಾನದ್ದಾದರೂ ಅದೇ ಮೇಲೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಶೂನ್ಯವೇಳೆಯಲ್ಲಿ ವಿಷಯ ಪ್ರಸ್ತಾಪಿಸಿದರೂ ಇಷ್ಟೇ ಫಲ ಸಿಗುತ್ತದೆಯೇ? (ವ್ಯಾಪಾರಿಯೊಬ್ಬರು)

ಉತ್ತರ: ಸಿಗುವುದಿಲ್ಲ. ಶೂನ್ಯವೇಳೆಯಲ್ಲಿ ತುರ್ತು ವಿಷಯವನ್ನು ಸರ್ಕಾರದ ಕಿವಿಗೆ ಹಾಕಬಹುದು, ಆದರೆ ಸಚಿವರು ಅಲ್ಲಿಯೇ ಉತ್ತರಿಸಬೇಕೆಂಬ ಕಡ್ಡಾಯವಿಲ್ಲ. ನೆರೆ ಬಂದಾಗ, ಬೆಳೆ ಕೈಕೊಟ್ಟಾಗ ಪೂರ್ವಸೂಚನೆಗೆ ಕಾಯಲಾಗದ ಸಂದರ್ಭಕ್ಕೆ ಅದು ಒಳ್ಳೆಯದು.

ಪ್ರಶ್ನೆ: ಸದಸ್ಯರು ಅಧ್ಯಕ್ಷ ಪೀಠದ ಮುಂದಿನ ಬಾವಿಗಿಳಿದು ಧರಣಿ ನಡೆಸಿ ಪ್ರಶ್ನೋತ್ತರ ವೇಳೆಯನ್ನೇ ಬಲಿಕೊಡುವುದನ್ನು ನೋಡಿದರೆ ಬೇಸರವಾಗುತ್ತದೆ. ಇಷ್ಟಕ್ಕೂ ಸದನದಲ್ಲಿ ಕೇಳಿದ ಪ್ರಶ್ನೆಯಿಂದ ದೊಡ್ಡದೇನಾದರೂ ಆದದ್ದುಂಟೇ? (ಗೃಹಿಣಿಯೊಬ್ಬರು)

ಉತ್ತರ: ನಿಮ್ಮ ಬೇಸರ ನನ್ನದೂ ಹೌದು. ಧರಣಿಗೆ ಕಾರಣ ಎಷ್ಟೇ ನ್ಯಾಯವಾಗಿರಲಿ, ಪ್ರಶ್ನೋತ್ತರ ವೇಳೆ ಹಾಳಾದರೆ ಅದರ ಲಾಭ ಆಳುವ ಪಕ್ಷಕ್ಕೇ. ಸಿದ್ಧವಾಗಿದ್ದ ಉತ್ತರಗಳನ್ನು ಸದನದಲ್ಲಿ ಮಂಡಿಸಿದಂತೆ ಭಾವಿಸಲಾಗುತ್ತದೆ, ಉಪಪ್ರಶ್ನೆಗಳು ಮಾತ್ರ ಸತ್ತುಹೋಗುತ್ತವೆ. ಮೇಲೆ ಹೇಳಿದ ಆಸ್ಪತ್ರೆಯ ಪ್ರಶ್ನೆ ಬಂದ ದಿನ ಗದ್ದಲವಾಗಿದ್ದರೆ ‘ಖಾಲಿ ಇಲ್ಲ’ ಎಂಬ ಉತ್ತರವೇ ದಾಖಲೆಯಲ್ಲಿ ಉಳಿಯುತ್ತಿತ್ತು. ಇದರ ಜೊತೆಗೆ ಸದನ ಕೂಡುವ ದಿನಗಳೇ ಕಡಿಮೆಯಾಗಿವೆ. ವರ್ಷಕ್ಕೆ ಕನಿಷ್ಠ 60 ದಿನ ವಿಧಾನಮಂಡಲ ಸೇರಬೇಕೆಂದು ಕರ್ನಾಟಕ 2005ರಲ್ಲಿ ಕಾಯ್ದೆಯನ್ನೇ ಮಾಡಿಕೊಂಡಿತು. ಅನಂತರದ ಹೆಚ್ಚಿನ ವರ್ಷಗಳಲ್ಲಿ ಸದನ ಅಷ್ಟು ದಿನ ಸೇರಿಲ್ಲ. ತಾನೇ ಮಾಡಿದ ಕಾನೂನನ್ನು ಪಾಲಿಸದ ಸದನವು ಇಲಾಖೆಗಳ ನಿಯಮಪಾಲನೆಯನ್ನು ಪ್ರಶ್ನಿಸುವಾಗ ಅದರ ಮಾತಿನ ತೂಕ ತಗ್ಗುತ್ತದೆ. 2020ರ ಮುಂಗಾರು ಅಧಿವೇಶನದಲ್ಲಿ ಕೊರೊನಾ ಕಾರಣ ಕೊಟ್ಟು ಸಂಸತ್ತಿನಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟು, ಲಿಖಿತ ಉತ್ತರಗಳಿಗೆ ಮಾತ್ರ ಅವಕಾಶ ಕೊಟ್ಟಿದ್ದರು. ಆಸ್ಪತ್ರೆ, ಆಮ್ಲಜನಕ, ವಲಸೆ ಕಾರ್ಮಿಕರ ಬಗ್ಗೆ ಮರುಪ್ರಶ್ನೆ ಕೇಳುವುದು ಅತ್ಯಂತ ಅಗತ್ಯವಾಗಿದ್ದ ಕಾಲವದು ಎಂದು ನಾನು ಈಗಲೂ ನಂಬುತ್ತೇನೆ.

ದೊಡ್ಡದೇನಾದರೂ ಆದದ್ದುಂಟೇ ಎಂಬುದಕ್ಕೆ 1957ರ ಮುಂದ್ರಾ ಪ್ರಕರಣವೇ ಉತ್ತರ. ಜೀವ ವಿಮಾ ನಿಗಮ ಸ್ಥಾಪನೆಯಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಸಾಮಾನ್ಯ ಜನ ಕಂತು ಕಟ್ಟಿ ಕೂಡಿಸಿದ ಹಣದಲ್ಲಿ 1.2 ಕೋಟಿ ರೂಪಾಯಿಗೂ ಹೆಚ್ಚಿನದನ್ನು ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳಿಗೆ ಹೂಡಲಾಗಿತ್ತು. ಆ ಕಂಪನಿಗಳ ಸ್ಥಿತಿ ಚೆನ್ನಾಗಿರಲಿಲ್ಲ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಇದರ ಬಗ್ಗೆ ಪ್ರಶ್ನೆ ಬಂತು. ಮೊದಲ ಉತ್ತರ ನೇರವಾಗಿರಲಿಲ್ಲ. ಸದಸ್ಯರು ಅಷ್ಟಕ್ಕೇ ಬಿಡದೆ ನವೆಂಬರ್‌ನಲ್ಲಿ ಮತ್ತೆ ಕೇಳಿದರು, ಡಿಸೆಂಬರ್‌ನಲ್ಲಿ ಫಿರೋಜ್ ಗಾಂಧಿಯವರು ದಾಖಲೆಗಳ ಸಮೇತ ವಿಷಯವನ್ನು ಸದನದ ಮುಂದಿಟ್ಟರು. ಅವರು ಆಳುವ ಪಕ್ಷದ ಸದಸ್ಯರು, ಪ್ರಧಾನಿಯ ಅಳಿಯ. ಬೊಂಬಾಯಿಯ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ನೇಮಕವಾಯಿತು, ವಿಚಾರಣೆ ಜನರ ಎದುರೇ ನಡೆಯಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ರಾಜೀನಾಮೆಯಲ್ಲ. ಮೊದಲ ಉತ್ತರ ಜಾರಿಕೊಂಡಾಗ ಎರಡನೆಯ ಸಲ, ಮೂರನೆಯ ಸಲ ಅದೇ ವಿಷಯಕ್ಕೆ ಮರಳಿ ಬಂದ ಆ ಸದಸ್ಯರ ಪಟ್ಟು ನನ್ನನ್ನು ಹೆಚ್ಚು ಸೆಳೆಯುತ್ತದೆ. ಇವತ್ತು ಒಂದು ಅಧಿವೇಶನದಲ್ಲಿ ಕೇಳಿದ್ದನ್ನು ಮುಂದಿನ ಅಧಿವೇಶನದಲ್ಲಿ ಮರೆಯುವವರೇ ಬಹಳ.

ಪ್ರಶ್ನೆ: ನಾನು ಒಬ್ಬ ಪೋಷಕ. ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕರಿಲ್ಲ. ಶಾಸಕರಿಂದ ಪ್ರಶ್ನೆ ಕೇಳಿಸಬಹುದೇ? ಹೇಗೆ ಬರೆದುಕೊಡಬೇಕು? (ಕೂಲಿ ಕಾರ್ಮಿಕರೊಬ್ಬರು)

ಉತ್ತರ: ಖಂಡಿತ ಕೇಳಿಸಬಹುದು, ಅದಕ್ಕೆ ಯಾರ ಶಿಫಾರಸೂ ಬೇಡ. ನಿಮ್ಮ ಕ್ಷೇತ್ರದ ಶಾಸಕರಷ್ಟೇ ಅಲ್ಲ, ವಿಧಾನಪರಿಷತ್ತಿನಲ್ಲಿ ಶಿಕ್ಷಕರ ಮತ್ತು ಪದವೀಧರರ ಕ್ಷೇತ್ರಗಳಿಂದ ಆರಿಸಿ ಬಂದ ಸದಸ್ಯರನ್ನೂ ಕಾಣಿರಿ. ಶಾಲೆಯ ವಿಷಯದಲ್ಲಿ ಅವರ ಕಾಳಜಿ ಸಹಜವಾಗಿಯೇ ಹೆಚ್ಚು. ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಹೋಗಿ, ಏಕೆಂದರೆ ಪ್ರಶ್ನೆಯ ಸೂಚನೆಯನ್ನು ಸಾಕಷ್ಟು ಮುಂಚಿತವಾಗಿ ಕೊಡಬೇಕು. ಸಂಸತ್ತಿನಲ್ಲಿ ಅದು ಕನಿಷ್ಠ 15 ದಿನ. ಹಣದ ಮಾತು ಯಾರಾದರೂ ಎತ್ತಿದರೆ ಅಲ್ಲಿಂದ ಎದ್ದುಬನ್ನಿ. ಪ್ರಶ್ನೆ ಕೇಳಲು ಹಣ ಪಡೆದ ಕಾರಣಕ್ಕೆ 2005ರ ಡಿಸೆಂಬರ್‌ನಲ್ಲಿ 11 ಮಂದಿ ಸಂಸದರನ್ನು ಸಂಸತ್ತು ಉಚ್ಚಾಟಿಸಿದೆ.

ಇನ್ನು ಬರೆಯುವ ಬಗೆ. ‘ಶಿಕ್ಷಕರ ಕೊರತೆ ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಬರೆದುಕೊಟ್ಟರೆ ‘ಬಂದಿದೆ’ ಎಂಬ ಒಂದೇ ಪದದ ಉತ್ತರ ಬರುತ್ತದೆ. ‘ಕೈಗೊಂಡ ಕ್ರಮಗಳೇನು?’ ಎಂದರೆ, ನೇಮಕಾತಿ ಪ್ರಕ್ರಿಯೆ ಪ್ರಗತಿಯಲ್ಲಿದೆ ಎಂದು ಬರೆಯುತ್ತಾರೆ. ನಾನೇ ಎಷ್ಟೋ ಸಲ ಹಾಗೆ ಬರೆದಿದ್ದೇನೆ, ಅದಕ್ಕಾಗಿ ಇಂದು ವಿಷಾದವಿದೆ. ಅದರ ಬದಲು ಶಾಲೆಯ ಹೆಸರು ಹಾಕಿ. ಗಣಿತ ಶಿಕ್ಷಕರ ಹುದ್ದೆ ಯಾವ ದಿನಾಂಕದಿಂದ ಖಾಲಿ ಇದೆ, ಆ ಹುದ್ದೆಯಲ್ಲಿದ್ದವರು ವರ್ಗಾವಣೆಯಾದರೇ, ನಿವೃತ್ತರಾದರೇ ಅಥವಾ ನಿಯೋಜನೆಯ ಮೇಲೆ ಬೇರೆಡೆ ಇದ್ದಾರೆಯೇ, ಇದ್ದಲ್ಲಿ ಎಲ್ಲಿ, ಅತಿಥಿ ಶಿಕ್ಷಕರನ್ನು ಒದಗಿಸಲಾಗಿದೆಯೇ, ಖಾಯಂ ಶಿಕ್ಷಕರು ಯಾವ ದಿನಾಂಕದೊಳಗೆ ಬರುವರು ಎಂದು ಒಂದೊಂದಾಗಿ ಕೇಳಿಸಿ. ದಿನಾಂಕ, ಸಂಖ್ಯೆ, ಸ್ಥಳ ಕೇಳಿದ ಪ್ರಶ್ನೆಯಿಂದ ನುಣುಚಿಕೊಳ್ಳುವುದು ಕಷ್ಟ. ಪ್ರಶ್ನೆ ಉದ್ದವಾಗದಿರಲಿ; ಲೋಕಸಭೆಯ ಮಿತಿ 150 ಪದಗಳು. ಆರೋಪ, ವಾದ, ಊಹೆ ಸೇರಿಸಿದರೆ ಪ್ರಶ್ನೆ ಅಂಗೀಕಾರವೇ ಆಗದಿರಬಹುದು. ನ್ಯಾಯಾಲಯದ ಮುಂದಿರುವ ವಿಷಯವನ್ನೂ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಶಾಸಕರನ್ನು ಕಾಣುವ ಮೊದಲು ವಿಧಾನಸಭೆ ಮತ್ತು ಪರಿಷತ್ತಿನ ಜಾಲತಾಣಗಳಲ್ಲಿ ಹಳೆಯ ಉತ್ತರಗಳನ್ನು ಹುಡುಕಿಸಿ ನೋಡಿ. ಅವು ಕನ್ನಡದಲ್ಲಿಯೇ ಇವೆ. ನಿಮ್ಮ ತಾಲ್ಲೂಕಿನ ಬಗ್ಗೆ ಎರಡು ವರ್ಷದ ಹಿಂದೆ ಯಾರೋ ಕೇಳಿದ್ದು, ಸಚಿವರು ‘ಶೀಘ್ರದಲ್ಲಿಯೇ’ ಎಂದು ಬರೆದದ್ದು ಸಿಕ್ಕರೆ ಅದರ ಪ್ರತಿಯನ್ನು ಜೊತೆಗಿಡಿ. ಸದನ ಸೇರಲು ಇನ್ನೂ ತಿಂಗಳುಗಳಿದ್ದರೆ ಮಾಹಿತಿ ಹಕ್ಕಿನ ಅರ್ಜಿಯ ದಾರಿ ಇದೆ: 10 ರೂಪಾಯಿ ಶುಲ್ಕ, 30 ದಿನದ ಗಡುವು. 2005ರಲ್ಲಿ ಆ ಕಾಯ್ದೆಯನ್ನು ಮಾಡಿದಾಗ, ಸಂಸತ್ತಿಗೆ ಅಥವಾ ರಾಜ್ಯ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸತಕ್ಕದ್ದಲ್ಲ ಎಂಬ ಮಾತನ್ನು ಅದರ 8ನೇ ಪ್ರಕರಣದಲ್ಲಿ ಬರೆದಿದ್ದರು. ಶಾಸಕರಿಗೆ ಹೇಳಬೇಕಾದದ್ದನ್ನು ನಿಮಗೂ ಹೇಳಬೇಕೆಂಬುದೇ ಆಗ ಅದರ ತಾತ್ಪರ್ಯವಾಗಿತ್ತು. ಹಾಜರಿ ಪುಸ್ತಕದ ನಕಲನ್ನೂ ನಿಯೋಜನೆಯ ಆದೇಶದ ನಕಲನ್ನೂ ಮೊದಲು ಆ ದಾರಿಯಿಂದ ತರಿಸಿಕೊಳ್ಳಿ. ಅವೆರಡನ್ನು ಕೈಯಲ್ಲಿ ಹಿಡಿದು ಹೋದರೆ ಉಪಪ್ರಶ್ನೆ ಏನಿರಬೇಕೆಂಬುದನ್ನು ನೀವೇ ಶಾಸಕರಿಗೆ ಹೇಳಬಲ್ಲಿರಿ.